ಅಪ್ಪನ ಗಾಡಿಯ ಕೋಡು

ಮೊನ್ನೆ ಮಂಗೋರ್ ಹಿಲ್ಲಿನ ನಮ್ಮ ಓಣಿಯಲ್ಲಿ ಯಾರೋ ಗೇಟಿಗೆ ಬಣ್ಣ ಹೊಡೆಯುತ್ತಿದ್ದರು. ಥಿನ್ನರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಕೊರ್ತಾಲಿಮಿನ ಆ ಗ್ಯಾರೇಜು ಮೇಸ್ತ್ರಿ ಕಣ್ಣ ಮುಂದೆ ಬಂದು ನಿಂತ. ಮೈಯೆಲ್ಲ ಉರಿದುಹೋಯಿತು. ಎಷ್ಟು ವರ್ಷವಾಯಿತು, ಇನ್ನಾದರೂ ಮರೆತುಬಿಡು ಎನ್ನುತ್ತಾರೆ ನನ್ನ ಗಂಡ. ನಾನ್ಯಾಕೆ ಮರೆಯಲಿ?

ನಮ್ಮಪ್ಪ ಬಾಗಲಕೋಟೆ ಕಡೆಯಿಂದ ರಾಜ್ಯದ ಗಡಿ ದಾಟಿ ಬಂದು ಇಲ್ಲಿನ ಬಂದರಿನಲ್ಲಿ ಹಮಾಲಿ ಮಾಡಿದವನು. ಗುಜರಿ ಸೇರಬೇಕಿದ್ದ ಒಂದು ಅಂಬಾಸಿಡರ್ ಗಾಡಿ ತಂದು, ರಜೆ ಸಿಕ್ಕಾಗಲೆಲ್ಲ ಕೂತು ತನ್ನ ಮನಸ್ಸಿಗೆ ಬಂದಂತೆ ಕಟ್ಟಿದ. ಮೈಗೆ ಅರಿಸಿನ ಬಣ್ಣ. ಹಿಂದಿನ ಎರಡೂ ಮೂಲೆಗೆ ತಗಡು ಬೆಸೆದು ಎತ್ತಿನ ಕೋಡಿನ ಹಾಗೆ ಬಾಗಿಸಿ ಎಬ್ಬಿಸಿದ್ದ. ಅವುಗಳ ತುದಿಗೆ ಊರಲ್ಲಿ ಮಾರಿದ ಎತ್ತಿನ ಕೋಡಿಗೆ ತೊಡಿಸುತ್ತಿದ್ದ ಹಿತ್ತಾಳೆ ಅಣಸು. ಕಾರಹುಣ್ಣಿಮೆಗೆ ಅವ್ವ ಆ ಕೋಡುಗಳಿಗೆ ಬಣ್ಣ ಬಳಿದು, ಗೊಂಡೆ ಕಟ್ಟಿ, ಗಾಡಿಗೆ ಹೋಳಿಗೆ ಎಡೆ ಹಿಡಿಯುತ್ತಿದ್ದಳು. ಓಣಿಯವರು ನಗುತ್ತಿದ್ದರು. ನಗಲಿ ಬಿಡಿ, ಅವರ ಗಂಟೇನು ಹೋಗುತ್ತಿತ್ತು!

ಅಪ್ಪ ಹೋದ ಮೇಲೆ ಗಾಡಿ ತುಕ್ಕು ಹಿಡಿಯಿತು. ಅವ್ವನದು ಒಂದೇ ಆಸೆ, ಅದರಲ್ಲಿ ಒಮ್ಮೆ ಕೂತು ಬಂದರಿನ ಮೇಲಿನ ಸಡಾ ಗುಡ್ಡದವರೆಗೆ ಹೋಗಿಬರಬೇಕು. ಆಗಲೇ ಅವಳ ಕಣ್ಣು ಮಂಜಾಗಿತ್ತು. ಮೇಸ್ತ್ರಿ ಧಾರವಾಡದ ಕಡೆಯವನು, ನಮ್ಮ ಮಾತಿನವನು ಎಂದು ನಂಬಿ ಗಾಡಿ ಒಪ್ಪಿಸಿದೆ.

ಅವನು ಸುತ್ತ ಒಂದು ಸಲ ತಿರುಗಿ ನೋಡಿ ನಕ್ಕ. “ಇದೇನವಾ ತಂಗಿ, ಗಾಡಿನೋ ಎತ್ತೋ?”

“ನಮ್ಮಪ್ಪ ಮಾಡಿದ್ದೈತ್ರಿ. ತುಕ್ಕಷ್ಟ ತೆಗೀರಿ, ಕೋಡು ಮುಟ್ಟಬ್ಯಾಡ್ರಿ,” ಎಂದೆ.

ಹೂಂ ಎಂದ ಮಹಾರಾಯ. ಆದರೆ ಅವನಿಗೆ ಒಂದು ಹುಚ್ಚಿತ್ತು. ಹಳೆಯ ಗಾಡಿ ಹುಟ್ಟಿದ ಕಾಲಕ್ಕೆ ಹೇಗಿತ್ತೋ ಹಾಗೇ ಇರಬೇಕು, ಬಣ್ಣ, ದೀಪ, ಸೀಟು, ಕಡೆಗೆ ಒಂದು ತಿರುಪು ಕೂಡ. ಕಟ್ಟಿದವನ ಇಷ್ಟ ಎಂಬುದು ಅವನ ಪಾಲಿಗೆ ಬರೀ ಹೊಲಸು…

ಮಳೆಗಾಲ ಮುಗಿದು ತರಲು ಹೋದಾಗ ಒಂದು ಬಿಳಿ ಗಾಡಿ ನಿಂತಿತ್ತು. ಬಾಗಿಲು ಒಂದು ಬೆರಳಿಗೆ ಮುಚ್ಚುತ್ತಿತ್ತು. ಕೆಲಸ ಅಚ್ಚುಕಟ್ಟು, ಅದನ್ನೂ ಹೇಳಬೇಕಲ್ಲ, ಹೇಳಿದೆ. ಕೋಡು ಮಾತ್ರ ಇರಲಿಲ್ಲ. ಕತ್ತರಿಸಿ ಅಣಸಿನ ಸಮೇತ ಗುಜರಿಗೆ ಹಾಕಿದ್ದ.

“ಗಾಡಿ ಅದರ ಕಾಲಕ್ಕ ಸರಿಯಾಗಿರಬೇಕು ತಂಗಿ. ಕಂಪನಿಯಿಂದ ಬಂದಾಗ ಹಿಂಗ ಇತ್ತು ನೋಡು,” ಎಂದ, ಎದೆಯುಬ್ಬಿಸಿ.

“ಕಂಪನಿಯಿಂದ ಬಂದಾಗ ಅದರಾಗ ನಮ್ಮಪ್ಪ ಇರಲಿಲ್ರೀ! ನಮ್ಮಪ್ಪ ಇದ್ದದ್ದು ಕಾಲ ಅಲ್ಲೇನು?”

“ನಿನಗ ತಿಳಿಯೂದಿಲ್ಲ ಬಿಡು,” ಎಂದು ಬೆನ್ನು ತಿರುಗಿಸಿದ. ಗ್ಯಾರೇಜಿನ ತುಂಬ ಜನ ಸೇರುವಂತೆ ಬಾಯಿಗೆ ಬಂದದ್ದನ್ನೆಲ್ಲ ಅಂದು ಬಂದೆ. ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ, ಕಲ್ಲು.

ಮನೆಯಲ್ಲಿ ಅವ್ವ ಆರತಿ ಹಿಡಿದು ಕಾದಿದ್ದಳು. ಗಾಡಿಯ ಮೈ ಸವರುತ್ತಾ ಹಿಂದಕ್ಕೆ ಹೋದಳು. ಕೋಡಿರಬೇಕಾದಲ್ಲಿ ಕೈ ಗಾಳಿಯಲ್ಲಿ ತಡಕಾಡಿತು. “ಯಾರ ಗಾಡಿ ತಂದಿ ಯವ್ವಾ? ಇದನ್ನ ಅವರಿಗೆ ಕೊಟ್ಟು, ನಮ್ಮದು ತಗೊಂಡು ಬಾ,” ಎಂದಳು. ನಾಲಿಗೆ ಸವೆಯುವಷ್ಟು ಹೇಳಿದೆ, ಆಕೆ ನಂಬಲಿಲ್ಲ. ಇವತ್ತಿನವರೆಗೂ ಅದರಲ್ಲಿ ಕೂತಿಲ್ಲ.

ಹೊಸ ಕೋಡು ಮಾಡಿಸೋಣವೆಂದು ಒಬ್ಬ ವೆಲ್ಡರನ್ನು ಕರೆಸಿದ್ದೆ. ಎತ್ತರ ಎಷ್ಟು, ಬಾಗು ಎಷ್ಟು ಎಂದು ಕೇಳಿದ. ನಾವು ತೆಗೆಸಿದ ಫೋಟೊಗಳೆಲ್ಲ ಗಾಡಿಯ ಮುಂದೆ ನಿಂತು ತೆಗೆಸಿದವು, ಹಿಂದಿನ ಕೋಡು ಒಂದರಲ್ಲೂ ಬಿದ್ದಿಲ್ಲ… ಕೋಡುಗಳ ಅಳತೆ ಬಲ್ಲವನು ಕತ್ತರಿಸಿದವನೊಬ್ಬನೇ. ಆ ದುಷ್ಟನ ಮುಂದೆ ಹೋಗಿ ಕೈಯೊಡ್ಡಲಾರೆನೆಂದು ಇಷ್ಟು ವರ್ಷ ದಿನ ದೂಡಿದೆ. ಆದರೂ ಅವ್ವನ ಸಲುವಾಗಿ ನಿನ್ನೆ ಮುಂಜಾನೆ ಹೋದೆ. ಗ್ಯಾರೇಜಿಗೆ ಬೀಗ. ಮೇಸ್ತ್ರಿ ತೀರಿಕೊಂಡು ತಿಂಗಳಾಯಿತೆಂದು ಪಕ್ಕದ ಚಹಾದಂಗಡಿಯವನು ಹೇಳಿದ. ಇನ್ನು ಬೈಯೋಣವೆಂದರೂ ಅವನಿಲ್ಲ. ಅಪ್ಪನ ಗಾಡಿ ಅವನ ಜೊತೆಗೇ ಹೋಯಿತು.

ಮನೆಗೆ ಬಂದು, ಮೇಸ್ತ್ರಿ ಸತ್ತನೆಂದು ಅವ್ವನಿಗೆ ಹೇಳಿದೆ. ಬಾಗಿಲ ಮುಂದೆಯೇ ಆ ಬಿಳಿ ಗಾಡಿ ನಿಂತಿತ್ತು. ಅವ್ವ ಎದೆಯ ಮೇಲೆ ಕೈ ಇಟ್ಟುಕೊಂಡಳು.

“ಅಯ್ಯ ಶಿವನ! ಹಂಗಾರ ನಮ್ಮ ಗಾಡಿ ಇನ್ನ ಯಾರ್ ಕೊಡ್ತಾರ?”