ಕೇಳಿಸದೆ ಬರೆದ ಪದಗಳು

ಆ ದಿನ ನನಗೂ ಏನೂ ಕೇಳಿಸಿರಲಿಲ್ಲ, ಶಿವಲೀಲಾ ಮೇಡಂ. ಕೇಳಿಸಿತು ಎಂದು ಸುಳ್ಳು ಬರೆದುಕೊಟ್ಟೆ. ಆರು ವರ್ಷದಿಂದ ಇದನ್ನು ನಿಮಗೆ ಹೇಳಬೇಕೆಂದು — ಇಲ್ಲ, ಇದೂ ಸುಳ್ಳು. ಆರು ವರ್ಷವೂ ಹೇಳದೇ ಇರಲು ದಾರಿ ಹುಡುಕಿದೆ.

ನಿಮಗೆ ನೆನಪಿರಬಹುದು. ಪುಣೆಯ ನಮ್ಮ ಸರ್ಕಾರಿ ದೂರಸಂಪರ್ಕ ಪ್ರಯೋಗಾಲಯದ ಹಿತ್ತಲಲ್ಲಿ ಗುಂಡಿ ತೋಡಿ, ಮೇಲೆ ಕಾಂಕ್ರೀಟ್ ಚಪ್ಪಡಿ ಹೇರಿದ್ದೆವು. ಕಟ್ಟಡ ಕುಸಿದಾಗ ಅಡಿಯಲ್ಲಿ ಸಿಕ್ಕವರ ಜೊತೆ ಮಾತಾಡಲು ನಾವು ತಯಾರಿಸಿದ ವಾಕಿಟಾಕಿಯ ಪರೀಕ್ಷೆ ಅದು. ಗುಂಡಿಯೊಳಗಿನ ಸಹೋದ್ಯೋಗಿ ಪಟ್ಟಿಯಲ್ಲಿದ್ದ ಪದಗಳನ್ನು ಓದಬೇಕು. ಮೇಲೆ ನೀವೂ ನಾನೂ ಬೇರೆ ಬೇರೆ ಕುಳಿತು, ಕೇಳಿದ್ದನ್ನು ಬರೆಯಬೇಕು. ಆ ಪಟ್ಟಿ ಮಾತ್ರ ವರ್ಷಗಳಿಂದ ಅದೇ. ನೀವು ಹೊಸಬರು, ನನಗೋ ಅದು ಮಗ್ಗಿಯಂತೆ ಬಾಯಿಪಾಠ. ಕಿವಿಯಲ್ಲಿ ಬರೀ ಗೊರಗೊರ ಸದ್ದು — ಆದರೂ ಕೈ ಬರೆಯುತ್ತಲೇ ಹೋಯಿತು. ಪಾಪ, ಕೈಯದೇನು ತಪ್ಪು! ನಿಲ್ಲಿಸದವನು ನಾನು.

ನಿಮ್ಮ ಹಾಳೆ ಬಹುತೇಕ ಖಾಲಿ, ನನ್ನದು ಭರ್ತಿ. ರಕ್ಷಣಾ ತಂಡಗಳು ಯಾವ ವಾಕಿಟಾಕಿ ಸೆಟ್ ಒಯ್ಯಬೇಕೆಂದು ಹೇಳುವ ಮಸೂದೆ ಆಗ ದೆಹಲಿಯಲ್ಲಿ ತಯಾರಾಗುತ್ತಿತ್ತು. ನಮ್ಮ ಸೆಟ್ ಅದರಲ್ಲಿ ಸೇರಲೇಬೇಕೆಂದು ಸಾಹೇಬರಿಗೆ ಅವಸರ. ಎರಡೂ ಹಾಳೆ ನೋಡಿ, ಇಬ್ಬರಲ್ಲಿ ಯಾರ ಕಿವಿ ಕೆಟ್ಟಿದೆ ಎಂದು ಮರಾಠಿಯಲ್ಲಿ ರೇಗಿದರು. ನೀವು ನನ್ನ ಕಡೆ ತಿರುಗಿದಿರಿ.

"ಪಾಟೀಲ್ರ, ನಿಮಗ ಖರೇನ ಕೇಳಿಸ್ತೇನ್ರಿ?"

"ಹೌದ್ರಿ ಮೇಡಂ, ಭಾಳ ಸ್ವಚ್ಛ ಕೇಳಿಸ್ತು."

ಅಷ್ಟೇ. ಆಫೀಸಿನಲ್ಲಿ ಕನ್ನಡದವರು ನಾವಿಬ್ಬರೇ, ಅದಕ್ಕೇ ನಂಬಿದಿರಿ. ನನ್ನ ಹಾಳೆ ದೆಹಲಿಗೆ ಹೋಯಿತು, ನಿಮ್ಮನ್ನು ಕಡತಗಳ ಕೋಣೆಗೆ ಹಾಕಿದರು. ಕಿವಿ ಸರಿಯಿದೆ ಎಂದು ಡಾಕ್ಟರು ಹೇಳಿದರೂ ನೀವು ಒಪ್ಪಲಿಲ್ಲ. "ಪಾಟೀಲ್ರಿಗೆ ಕೇಳಿಸಿತ್ತಲ್ರಿ" ಎಂದು ಊಟದ ಹೊತ್ತಿನಲ್ಲಿ ನನ್ನೆದುರೇ ಅಂದಿರಿ. ನಾನು ತಲೆ ಎತ್ತದೆ ರೊಟ್ಟಿ ಮುರಿಯುತ್ತ ಕುಳಿತೆ.

ಕಳೆದ ವಾರ ಕ್ಯಾಂಪ್ ಪೇಟೆಯಲ್ಲಿ ನಿಮ್ಮನ್ನು ಕಂಡೆ. ನನಗೆ ಕಿವಿ ಸ್ವಲ್ಪ ಮಂದ, ಜೋರಾಗಿ ಹೇಳು ಎಂದು ಅಂಗಡಿಯವನನ್ನು ಬೇಡಿಕೊಳ್ಳುತ್ತಿದ್ದಿರಿ. ಆ ಹಾರ್ನುಗಳ ಗದ್ದಲದಲ್ಲಿ ಯಾರಿಗೂ ಏನೂ ಕೇಳುತ್ತಿರಲಿಲ್ಲ, ಮೇಡಂ! ಹತ್ತಿರ ಬಂದು ಅಷ್ಟಾದರೂ ಹೇಳಬೇಕಿತ್ತು. ನಾನು ಪಕ್ಕದ ಅಂಗಡಿಗೆ ನುಸುಳಿ, ಬೇಡದ ಛತ್ರಿಯನ್ನು ಬಿಚ್ಚುತ್ತ ಮಡಚುತ್ತ ನಿಂತೆ. ನಾಚಿಕೆಯಾಗುತ್ತದೆ.

ಬಿಬವೇವಾಡಿಯ ನನ್ನ ಮನೆಗೆ ಬಂದ ಮೇಲೂ ಕುಳಿತಲ್ಲಿ ಕೂರಲಾಗಲಿಲ್ಲ. ಇಷ್ಟು ವರ್ಷ ಮೂಲೆಯಲ್ಲಿ ಬಿದ್ದಿದ್ದ ಮಸೂದೆ ಈಗ ಮತ್ತೆ ಮೇಲೆದ್ದಿದೆ. ಅದರಲ್ಲಿ ನಮ್ಮ ಸೆಟ್ಟೂ ಇದೆ. ಅದು ಕಾನೂನಾಗಿ, ಎಲ್ಲೋ ಒಂದು ಕಟ್ಟಡ ಕುಸಿದು — ಅಡಿಯಲ್ಲಿ ಸಿಕ್ಕವನು ಏನು ಕೂಗುತ್ತಾನೆಂದು ಮೇಲಿದ್ದವನಿಗೆ ಮೊದಲೇ ಗೊತ್ತಿರುವುದಿಲ್ಲ. ಅವನು ಕಿವಿಯನ್ನೇ ನೆಚ್ಚಿರುತ್ತಾನೆ.

ನಿನ್ನೆ ಮಸೂದೆಯ ಸಮಿತಿಗೆ ಎಲ್ಲವನ್ನೂ ಬರೆದು, ಸಹಿ ಹಾಕಿ ಕಳಿಸಿದೆ. ಏನು ಶಿಕ್ಷೆಯೋ ಆಗಲಿ. ಅದನ್ನು ಬರೆಯುವುದು ಸುಲಭವಿತ್ತು. ಈ ಪತ್ರ — ಇದನ್ನು ನಾಲ್ಕು ಸಲ ಹರಿದಿದ್ದೇನೆ.

ನಾಳೆ ಬೆಳಿಗ್ಗೆ ಬಂದು ನಿಮ್ಮ ಕೈಗೇ ಕೊಡುತ್ತೇನೆ. ನಿಮ್ಮ ಕಿವಿಗೆ ಏನೂ ಆಗಿಲ್ಲ, ಮೇಡಂ. ಅಂದೂ ಆಗಿರಲಿಲ್ಲ. ಓದಿ ಮುಗಿಸುವವರೆಗೆ ನಾನು ಬಾಗಿಲಲ್ಲೇ ನಿಂತಿರುತ್ತೇನೆ, ಒಳಗೆ ಕರೆಯಬೇಡಿ.