ಘಡಿ ಮುರಿಯದ ಹಸಿರು ಸೀರೆ

ಮಗಳು ಉದಗೀರಿನ ಕಾಲೇಜಿಗೆ ಹೋಗುತ್ತಾಳೆ. ಹೋದ ತಿಂಗಳು ಮನೆಯಲ್ಲಿ ಇಂಗ್ಲಿಷ್ ಓದುತ್ತ ‘ಇಂಟ್ಯಾಕ್ಟ್’ ಎಂಬ ಮಾತನ್ನು ನಾಲ್ಕೈದು ಸಲ ಅಂದಳು. ನಾನು ಏಳನೆಯ ತರಗತಿಯ ತನಕ ಕನ್ನಡ ಶಾಲೆಯಲ್ಲಿ ಕಲಿತವಳು. ಹಾಗಂದರೇನು ಎಂದು ಕೇಳಿದೆ.

“ಒಡದಿಲ್ಲ, ಮುರದಿಲ್ಲ, ಹ್ಯಾಂಗಿತ್ತೋ ಹಂಗೇ ಅದ ಅಂತ. ಅಪ್ಪ ಗಾಡಿ ಮ್ಯಾಲಿಂದ ಬಿದ್ದು ಮೊಣಕಾಲು ಕೆತ್ತಿಸ್ಕೊಂಡ್ನಲ್ಲ, ತಂಬಾಕದ ಡಬ್ಬಿ ಮಾತ್ರ ಇಂಟ್ಯಾಕ್ಟ್.”

ನಗು ಬಂತು. “ಹಂಗಾದ್ರ ಟ್ರಂಕಿನ್ಯಾಗಿನ ಹಸರು ಸೀರಿ ಇಂಟ್ಯಾಕ್ಟ್ ಅದ” ಅಂದೆ.

“ಇಲ್ಲವ್ವಾ, ಸುಮ್ನೆ ಹೊಸಾ ಸಾಮಾನಕ್ಕ ಹಂಗ ಅನ್ನಲ್ಲ. ಏನರೆ ಆಗೋದಿತ್ತು, ಅದರಾಗಿಂದ ಪಾರಾಗಿ ಉಳೀತು ಅಂದ್ರ ಅನ್ನಬೇಕು. ಆ ಸೀರಿಗಿ ಏನಾಗೋದಿತ್ತು?”

ನಾನು ಒಲೆಯ ಕಡೆ ಹೋದೆ. ಆಗುವುದಿದ್ದದ್ದು ಇಷ್ಟೇ: ಅದನ್ನು ನನ್ನ ಅಕ್ಕ ಒಂದು ದಿನ ಉಡುವುದಿತ್ತು.

ನಮ್ಮ ನಿಲಂಗಾ ಕಡೆ ಹೊಸ ಸೀರೆಯನ್ನು ಮೊದಲು ಅಕ್ಕತಂಗಿಗೋ ಗೆಳತಿಗೋ ಒಮ್ಮೆ ಉಡಲು ಕೊಡುತ್ತೇವೆ. ಅದಕ್ಕೆ ಘಡಿ, ಅಂದರೆ ಮಡಿಕೆ, ಮುರಿಯುವುದು ಅನ್ನುತ್ತೇವೆ. ಸಲಿಗೆಯಿದ್ದವರು ತಾವೇ ಕೇಳುತ್ತಾರೆ. ಅಕ್ಕ ಉದಗೀರಿನಲ್ಲಿ ಸೀರೆಗಳಿಗೆ ಫಾಲ್ ಹಚ್ಚಿ ಬದುಕುತ್ತಿದ್ದಳು. ಗಂಡ ತೀರಿಕೊಂಡು ಎಂಟು ವರ್ಷವಾಗಿತ್ತು. ಆ ಹಸಿರು ಸೀರೆಗೂ ಆಕೆಯೇ ಫಾಲ್ ಹಚ್ಚಿದಳು. ಕೊನೆಯ ದಾರವನ್ನು ಹಲ್ಲಿನಿಂದ ಕಡಿದು, “ಬಣ್ಣ ಛಲೋ ಅದ. ಘಡಿ ನಾ ಮುರೀಲೇನ ತಂಗಿ?” ಎಂದು ನಗುತ್ತ ಕೇಳಿದಳು.

“ನಾದಿನಿಗಿ ಮಾತು ಕೊಟ್ಟೀನಿ ಅಕ್ಕಾ” ಅಂದೆ.

ಯಾರಿಗೂ ಕೊಟ್ಟಿರಲಿಲ್ಲ. ಕೊರಳಲ್ಲಿ ಲಿಂಗ ಇದ್ದವರಿಗೆ ಸೂತಕವಿಲ್ಲ, ಅಪಶಕುನವಿಲ್ಲ ಎಂದು ನಾಲ್ಕು ಮಂದಿಯಲ್ಲಿ ಹೇಳುವವಳು ನಾನು. ಆದರೆ ಗಂಡನಿಲ್ಲದವಳು ಮೊದಲು ಉಟ್ಟ ಸೀರೆ ಉಡಲು ಆ ಹೊತ್ತು ಹೆದರಿದೆ. ಅಕ್ಕ “ಆಯ್ತು ಬಿಡು” ಎಂದು ಹಳೆಯ ಗೆರೆಗಳ ಮೇಲೆಯೇ ಮಡಚಿ ಕೊಟ್ಟಳು. ಮುಂದೆ ಅದನ್ನು ಬೇರೆಯವರಿಗೆ ಕೊಡಲೂ ಆಗಲಿಲ್ಲ, ನಾನು ಉಡಲೂ ಆಗಲಿಲ್ಲ.

ಅಕ್ಕ ಹೋಗಿ ಈಗ ಆರು ತಿಂಗಳು. ಮಣ್ಣು ಮಾಡಿ ಬಂದ ಮೂರನೆಯ ದಿನ ನಾದಿನಿ ಪಕ್ಕದಲ್ಲಿ ಕುಳಿತು ಮೆಲ್ಲಗೆ ಮಾತು ತೆಗೆದಳು.

“ವೈನಿ, ನಿಮ್ಮ ಅಕ್ಕೋರು ಒಮ್ಮೆ ಬಜಾರದಾಗ ಸಿಕ್ಕಿದ್ರು. ತಂಗೀದು ಹಸರು ಸೀರಿ ನೀ ಉಟ್ಟಿದ್ದೇನು, ಹ್ಯಾಂಗ ಕಾಣಸ್ತು ಅಂತ ಕೇಳಿದ್ರು. ಯಾವ ಸೀರಿ ಅಂತ ನಾ ಅಂದೆ. ಅವರು ಕೋತಂಬರಿ ಕಟ್ಟು ನೋಡ್ಲಿಕ್ಕತ್ರು. ಯಾವ ಸೀರಿ ಅದು?”

ಯಾವಾಗ ಸಿಕ್ಕಿದ್ದಳು ಎಂದಷ್ಟೇ ಕೇಳಿದೆ. ಎರಡು ವರ್ಷ ಆಗಿರಬೇಕು ಅಂದಳು.

ಆ ಎರಡು ವರ್ಷದಲ್ಲಿ ಅಕ್ಕ ನನ್ನ ಮೂರು ಸೀರೆಗಳಿಗೆ ಫಾಲ್ ಹಚ್ಚಿಕೊಟ್ಟಿದ್ದಳು. ಒಂದರ ಘಡಿಯನ್ನೂ ಕೇಳಲಿಲ್ಲ. ಮಡಚಿ ಚೀಲದಲ್ಲಿ ಹಾಕಿ, ಚಹಾ ಕುಡಿದು ಹೋಗು ಅನ್ನುತ್ತಿದ್ದಳು. ನಾನು ಕುಡಿದು ಬರುತ್ತಿದ್ದೆ.