ಹೊಗೆಸೊಪ್ಪಿನ ಬಣ್ಣ ಹಿಡಿದ ದೀಪ

ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ವಿಜ್ಞಾನವನ್ನು ಕರಿಹಲಗೆಯಿಂದ ಕೆಳಗಿಳಿಸಿ ಮನೆಯಂಗಳದವರೆಗೆ ನಡೆಸಿಕೊಂಡು ಬಂದ ಶಿಕ್ಷಕರನ್ನು ನೆನೆಯುವಾಗ ಶ್ರೀಮತಿ ಬೃಂದಾ ಅವರನ್ನು ಬಿಟ್ಟು ಮಾತು ಮುಂದುವರಿಯದು. ಹೆಗ್ಗಡದೇವನಕೋಟೆಯ ಕಾಡಂಚಿನ ಶಾಲೆಯಲ್ಲಿ ಸೇವೆಗೆ ಸೇರಿ, ಭೇರ್ಯದಲ್ಲಿ ದೀರ್ಘಕಾಲ ಪಾಠ ಹೇಳಿ, 1998ರಲ್ಲಿ ಅವರು ನಮ್ಮ ಪ್ರೌಢಶಾಲೆಗೆ ಬಂದರು. ಪರೀಕ್ಷೆಯ ಬೆಳಿಗ್ಗೆ ಬಸ್ಸು ತಪ್ಪಿದ ಹುಡುಗಿಯರನ್ನು ಹಾಲಿನ ವ್ಯಾನಿಗೆ ಹತ್ತಿಸಿ, ತಾವೂ ಕ್ಯಾನುಗಳ ನಡುವೆ ನಿಂತು ಕೃಷ್ಣರಾಜನಗರ ಮುಟ್ಟಿಸಿದ್ದನ್ನು ಭೇರ್ಯದವರು ಇಂದಿಗೂ ಮರೆತಿಲ್ಲ.

ಆದರೆ ಸ್ವತಃ ಅವರೇ ಪರೀಕ್ಷೆಗೆ ಕೂರಬೇಕಾದದ್ದು 2005ರ ಡಿಸೆಂಬರಿನಲ್ಲಿ.

ಅವರ ಬಾಡಿಗೆ ಮನೆಯ ಪಕ್ಕದಲ್ಲೇ ಸೋಮಯ್ಯ, ಪುಟ್ಟಸಿದ್ದಮ್ಮ ದಂಪತಿ ಹದಮಾಡಿದ ಹೊಗೆಸೊಪ್ಪನ್ನು ಬಣ್ಣ ನೋಡಿ ದರ್ಜೆಗಳಾಗಿ ವಿಂಗಡಿಸುತ್ತಿದ್ದರು. ಹಗಲಿನ ಒಣಗಾಳಿಯಲ್ಲಿ ಮುಟ್ಟಿದರೆ ಎಲೆ ಪುಡಿಯಾಗುತ್ತದೆ. ಅದು ಮೆತ್ತಗಾಗುವುದು ಸಂಜೆಯ ತಂಪಿಗೆ. ಸಂಜೆಯಾದರೆ ಕರೆಂಟು ಇರುವುದಿಲ್ಲ. ಸೀಮೆಎಣ್ಣೆ ಬುಡ್ಡಿ ಹಚ್ಚಿದರೆ ಸೊಪ್ಪಿಗೆ ವಾಸನೆ ಹಿಡಿಯುತ್ತದೆ. ಈ ಸಂಕಟ ಕಂಡ ಬೃಂದಾ ಅವರು, ಬುಡ್ಡಿಯನ್ನು ಒಳಗಿಡಿಸಿ, ತಾವೇ ಒಂದು ದೀಪ ಮಾಡಿಕೊಡುವುದಾಗಿ ಮಾತು ಕೊಟ್ಟುಬಿಟ್ಟರು.

ತಿಂಗಳ ಕೊನೆಯ ವಾರ, ಸಂಬಳ ಮುಗಿಯುತ್ತ ಬಂದಿತ್ತು. ಮೈಸೂರಿನಿಂದ ಕೊಂಡು ತಂದದ್ದು ಬಿಳಿಯ ಎಲ್‌ಇಡಿ ಬಲ್ಬುಗಳನ್ನು ಮಾತ್ರ. ಸೀಳಿದ ನೀರಿನ ಪೈಪು ದೀಪದ ಕವಚವಾಯಿತು. ಒಳಗೆ ಅಂಟಿಸಿದ ಬಿಸ್ಕತ್ ಪೊಟ್ಟಣದ ಬೆಳ್ಳಿಕಾಗದ ಬೆಳಕನ್ನು ಕೆಳಕ್ಕೆ ಚೆಲ್ಲಿತು. ರೇಡಿಯೊ ರಿಪೇರಿಯ ಚೆಲುವಯ್ಯನವರು ಬೈಕಿನ ಹಳೆಯ ಬ್ಯಾಟರಿಯನ್ನು ಕೊಟ್ಟು, ಬೆಸುಗೆಯನ್ನೂ ಹಾಕಿಕೊಟ್ಟರು. ಸಂಜೆ ದೀಪ ಹತ್ತಿದಾಗ ಬೀದಿಯೇ ಬಾಗಿಲಲ್ಲಿ ನೆರೆಯಿತು.

ಬೆಳಿಗ್ಗೆ ಪುಟ್ಟಸಿದ್ದಮ್ಮ ರಾತ್ರಿ ವಿಂಗಡಿಸಿದ್ದ ರಾಶಿಗಳನ್ನು ಜಗಲಿಗೆ ತಂದರು. ಬಿಸಿಲು ಬಿದ್ದದ್ದೇ ತಡ, ತಪ್ಪು ಕಣ್ಣಿಗೆ ರಾಚಿತು. ಹೊಂಬಣ್ಣದ ಎಲೆಗಳು ಹಸಿರು ಮಚ್ಚೆಯ ಎಲೆಗಳೊಂದಿಗೆ ಬೆರೆತು ಕುಳಿತಿದ್ದವು! ನೀಲಿ ಬೆರೆತ ಆ ಬಿಳಿ ಬೆಳಕಿನಲ್ಲಿ ಎಲ್ಲವೂ ಹಸಿರಾಗಿಯೇ ಕಂಡಿದ್ದವು.

"ಮೇಡಮ್ಮೋರೆ, ನಿಮ್ ದೀಪ ಚಂದಾಗೈತೆ ಬುಡಿ," ಎಂದರು ಸೋಮಯ್ಯ. "ಅದ್ರ ಕೆಳೀಕೆ ನಾನೂ ಅಸ್ರಾಗೇ ಕಾಣ್ತೀನಿ!"

"ಸುಮ್ಕಿರಿ ಅತ್ಲಾಗೆ!" ಪುಟ್ಟಸಿದ್ದಮ್ಮ ಗದರಿದರು. "ನಾಳೀಕೆ ಅರಾಜಲ್ಲಿ ನಮ್ ಪಾಳಿ ಕಣ್ರೀ ಮೇಡಮ್ಮೋರೆ. ಬೆರಕೆ ಸೊಪ್ಪಿನ್ ಬೇಲು ಕಟ್ಕೊಂಡೋದ್ರೆ ಯಾರೂ ಮುಟ್ಟಕಿಲ್ಲ. ವರ್ಸದ್ ಬೆವರು ಕಣ್ರೀ ಇದು."

"ಬುಡ್ಡಿ ತೆಗೆಸಿದವಳು ನಾನು. ಸಂಜೆವರೆಗೆ ಟೈಮ್ ಕೊಡಿ, ಪುಟ್ಟಸಿದ್ದಮ್ಮ."

"ಸಂಜೀಕೂ ಇಂಗೇ ಆದ್ರೆ?"

ಬೃಂದಾ ಅವರು ದೀಪವನ್ನು ಬಿಚ್ಚಿಕೊಂಡು ಮನೆಗೆ ನಡೆದರು.

ಉತ್ತರ ಸಿಕ್ಕಿದ್ದು ಮಧ್ಯಾಹ್ನದ ತರಗತಿಯಲ್ಲಿ. ಆಮ್ಲ, ಪ್ರತ್ಯಾಮ್ಲಗಳ ಪಾಠ. ಅರಿಶಿನದ ಕಾಗದದ ಮೇಲೆ ಸುಣ್ಣದ ತಿಳಿನೀರು ಬಿದ್ದು ಕೆಂಪೇರಿದಾಗ ಅವರ ಮಾತು ಅರ್ಧಕ್ಕೇ ನಿಂತಿತು. ದೀಪದ ಬೆಳಕಿನಲ್ಲಿ ಕೊರತೆಯಾದದ್ದು ಈ ಹಳದಿ, ಕೆಂಪುಗಳೇ ಅಲ್ಲವೇ?

ಸಂಜೆ ಮೊದಲಿಗೆ ಬೆಣ್ಣೆಕಾಗದಕ್ಕೆ ಬರೀ ಅರಿಶಿನ ಬಳಿದು ದೀಪದ ಬಾಯಿಗೆ ಕಟ್ಟಿದರು. ಬಿಸಿಲಿನಲ್ಲೇ ಗುರುತು ಮಾಡಿಟ್ಟ ಎರಡು ಎಲೆಗಳನ್ನು, ಹೊಂಬಣ್ಣದ್ದೊಂದು, ಹಸಿರು ಮಚ್ಚೆಯದೊಂದು, ಅದರಡಿ ಹಿಡಿದರು. ಎರಡೂ ಬಂಗಾರ!

"ನೋಡಮ್ಮಿ, ಈಗ ಎಲ್ಲಾ ನಂಬರ್ ಒನ್ನೇ," ಸೋಮಯ್ಯ ನಕ್ಕರು. "ಕೊಳ್ಳೋರ ಕಣ್ಗೂ ಇದ್ನೇ ಕಟ್ಬುಡಣ!"

ಹಳದಿ ಅತಿಯಾದದ್ದು ಬೃಂದಾ ಅವರಿಗೆ ತಿಳಿಯಿತು. ಹೊಸ ಕಾಗದ ತೆಗೆದುಕೊಂಡು, ಅರಿಶಿನವನ್ನು ತೆಳುವಾಗಿ ಸವರಿ, ಸುಣ್ಣದ ತಿಳಿಯಲ್ಲಿ ಅದ್ದಿದ ಬಟ್ಟೆಯನ್ನು ಮೆಲ್ಲಗೆ ಆಡಿಸಿದರು. ಕಾಗದ ನಸುಗೇಸರಿಯಾಯಿತು. ಕಟ್ಟಿದರು. ಎಲೆಗಳನ್ನು ಹಿಡಿದರು.

ಪುಟ್ಟಸಿದ್ದಮ್ಮ ಬಗ್ಗಿ ನೋಡಿದರು. ಇನ್ನಷ್ಟು ಬಗ್ಗಿದರು. "ಅಗೋ! ಮಚ್ಚೆ ಬೇರೆ, ಒನ್ನು ಬೇರೆ. ಬಿಸ್ಲಲ್ಲಿ ಕಂಡಂಗೇ ಕಾಣ್ತದೆ ಕಣ್ರೀ! ಎದ್ದೇಳಿ, ರಾಸಿ ಬಿಚ್ಚಿ!"

ನೆರೆಹೊರೆಯ ಹೆಂಗಸರೆಲ್ಲ ಕೂತರು. ಬೃಂದಾ ಅವರೂ ಸೆರಗು ಬಿಗಿದು ಕೂತರು. ಇಡೀ ಸೊಪ್ಪು ಮರುವಿಂಗಡಣೆಯಾಯಿತು. ಮುಂಜಾನೆಯ ಬಿಸಿಲಿಗೆ ಹಿಡಿದಾಗ ತಪ್ಪಿದ ಎಲೆ ಹುಡುಕಿದರೂ ಸಿಗಲಿಲ್ಲ. ಮೂಟೆ ಕಟ್ಟಿದ ಬೇಲುಗಳು ಹರಾಜಿಗೆ ಹೊರಟವು.

ಆ ಮಧ್ಯಾಹ್ನ ಬೃಂದಾ ಅವರು ಪಾಠ ಹೇಳುತ್ತಿದ್ದರೂ ಕಿವಿಯೆಲ್ಲ ರಸ್ತೆಯ ಕಡೆಗೇ ಇತ್ತು. ಕೊನೆಗೆ ಬಾಗಿಲಲ್ಲಿ ಏದುಸಿರು ಬಿಡುತ್ತ ಪುಟ್ಟಸಿದ್ದಮ್ಮ ನಿಂತಿದ್ದರು. ಮನೆಗೂ ಹೋಗದೆ ನೇರ ಶಾಲೆಗೇ ಬಂದಿದ್ದರು.

"ಎಲ್ಲಾ ಮಾರೋದ್ವು ಕಣ್ರೀ ಮೇಡಮ್ಮೋರೆ! ಒಂದ್ ಬೇಲೂ ವಾಪಸ್ ಬರ್ನಿಲ್ಲ!"

ತರಗತಿಗೆ ತರಗತಿಯೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮುಂದಿನ ಹಂಗಾಮಿನ ಹೊತ್ತಿಗೆ ಅಂಥ ದೀಪಗಳು ಹುಣಸೂರಿನ ಗಡಿಯನ್ನೂ ದಾಟಿದ್ದವು. ಕೇಳಿಕೊಂಡು ಬಂದವರಿಗೆಲ್ಲ ಅವರು ಮಾಡಿಕೊಡಲಿಲ್ಲ, ಎದುರಿಗೆ ಕೂರಿಸಿಕೊಂಡು ಮಾಡುವುದನ್ನು ಕಲಿಸಿದರು.

ಈ ತಿಂಗಳು ಸರ್ಕಾರ ಅವರಿಗೆ ವಿಶ್ರಾಂತಿ ಕೊಡುತ್ತಿದೆ, ನಮ್ಮೂರು ಕೊಡುವುದಿಲ್ಲ. ರೇಷ್ಮೆಹುಳು ಸಾಕುವ ಮನೆಗಳಿಂದ ಅಲ್ಲಿನ ತೊಡಕು ಬಿಡಿಸಿಕೊಡಲು ಈಗಾಗಲೇ ಕರೆ ಬಂದಿದೆ, ಅವರು ಒಪ್ಪಿಯೂ ಆಗಿದೆ. ಮಾನ್ಯ ಬೃಂದಾ ಅವರ ಕಣ್ಣಿಗೆ, ಕೈಗೆ, ಹಟಕ್ಕೆ ನೂರು ವರ್ಷದ ಕಸುವು ಇರಲಿ. ಅವರ ಬಾಗಿಲು ತಟ್ಟುವವರು ದಿನದಿನಕ್ಕೂ ಹೆಚ್ಚಲಿ.